ನ್ಯೂಯಾರ್ಕ್‌ಗೆ ಹೋಗೋ ಅಪ್ಪ ಅಮ್ಮಂದ್ರಿಗೆ ಪಿಜ್ಜಾ ವಿಷಯ ಸರಿಯಾಗಿ ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ನಿಮ್ಮ ಪುರವಣಿಲಿ ನ್ಯೂಯಾರ್ಕ್ ಪ್ರವಾಸದ ಬಗ್ಗೆ ಪೂರ್ತಿ ಒಂದು ಪುಟ ಬಂದಿತ್ತು. ಲಿಬರ್ಟಿ ಪ್ರತಿಮೆ, ಸೆಂಟ್ರಲ್ ಪಾರ್ಕ್, ಬ್ರೂಕ್ಲಿನ್ ಸೇತುವೆ ಎಲ್ಲಾ ಚೆನ್ನಾಗೇ ಬರ್ದಿದಾರೆ, ಫೋಟೋಗಳೂ ಚೆನ್ನಾಗಿದ್ವು. ಆದ್ರೆ ಊಟದ ವಿಷಯಕ್ಕೆ ಬಂದಾಗ ಎರಡೇ ಸಾಲು, ಸಸ್ಯಾಹಾರಿಗಳಿಗೆ ಅಲ್ಲಿ ಪಿಜ್ಜಾ ಒಂದೇ ಗತಿ, ನಮ್ಮೂರಲ್ಲೂ ಇರೋ ಕಂಪನಿಗಳದೇ ಅಂಗಡಿ ಟೈಮ್ಸ್ ಸ್ಕ್ವೇರ್ ಸುತ್ತಮುತ್ತ ಇದಾವೆ, ಅಲ್ಲೇ ತಿಂದು ಮುಗಿಸ್ಕೊಳ್ಳಿ ಅನ್ನೋ ಅರ್ಥದಲ್ಲಿ. ಇದನ್ನ ಓದಿ ನಂಗೆ ನಿಜವಾಗ್ಲೂ ಬೇಜಾರಾಯ್ತು ಸಾರ್. ಮಕ್ಕಳನ್ನ ನೋಡೋಕೆ ಅಂತ ವರ್ಷವರ್ಷ ಎಷ್ಟೊಂದು ಜನ ನಮ್ಮ ಕಡೆ ಅಪ್ಪ ಅಮ್ಮಂದ್ರು ನ್ಯೂಜೆರ್ಸಿಗೆ, ನ್ಯೂಯಾರ್ಕ್‌ಗೆ ಹೋಗ್ತಾರೆ, ಅವ್ರು ನಿಮ್ಮ ಪೇಪರ್ ಓದೋ ವಯಸ್ಸಿನೋರು, ಆ ಪುಟ ಕತ್ತರಿಸಿ ಇಟ್ಕೊಂಡು ಹೋಗೋರು ಇರ್ತಾರೆ. ಅವ್ರಿಗೆ ಈ ಸಲಹೆ ಕೊಟ್ರೆ ಹೇಗೆ? ಬೆಂಗಳೂರಿಗೆ ಬಂದ ನೆಂಟರಿಗೆ ಬೆಣ್ಣೆ ಮಸಾಲೆ ದೋಸೆ ತೋರಿಸ್ದೆ ಏರ್‌ಪೋರ್ಟ್‌ನಲ್ಲಿ ಪ್ಯಾಕೆಟ್ ಉಪ್ಪಿಟ್ಟಿಗೆ ಬಿಸಿನೀರು ಹಾಕಿಸಿ ಕೊಟ್ಟು ಕಳ್ಸಿದ ಹಾಗೆ ಆಗತ್ತೆ.

ನಾನ್ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ ನಂದು ಹಿಟ್ಟಿನ ಕೆಲ್ಸ. ನಾನು ಹಾಸನ ಜಿಲ್ಲೆಯೋನು, ಹದಿನಾರನೇ ವಯಸ್ಸಿಗೆ ಬೆಂಗಳೂರಿಗೆ ಬಂದು ಒಂದು ಐಯ್ಯಂಗಾರ್ ಬೇಕರಿಲಿ ಟ್ರೇ ತೊಳೆಯೋಕೆ ಸೇರ್ಕೊಂಡೆ, ಆಮೇಲೆ ಹಿಟ್ಟು ನಾದೋಕೆ, ಆಮೇಲೆ ಒಲೆ ಮುಂದೆ, ಕೊನೆಗೆ ರಾಜಾಜಿನಗರದಲ್ಲಿ ಸ್ವಂತ ಬೇಕರಿ ಮಾಡಿ 31 ವರ್ಷ ನಡೆಸ್ದೆ. ಶುರುಲಿ ಸೌದೆ ಒಲೆ ಇತ್ತು. ಇಟ್ಟಿಗೆ ಒಲೆ ಒಳಗೆ ಸೌದೆ ಉರಿಸಿ, ಕೆಂಡ ಎಳೆದು ಹಾಕಿ, ಒದ್ದೆ ಗೋಣಿ ಕಟ್ಟಿದ ಕೋಲಲ್ಲಿ ಒಳಗೆಲ್ಲಾ ಒರೆಸಿ, ಮೊದಲು ಜಾಸ್ತಿ ಕಾವಿಗೆ ಬ್ರೆಡ್ಡು ಬನ್ನು, ಕಾವು ಇಳೀತಾ ಬಂದ ಹಾಗೆ ಬಿಸ್ಕತ್ತು, ರಾತ್ರಿಯೆಲ್ಲಾ ಉಳಿದ ಕಾವಲ್ಲಿ ರಸ್ಕ್. ಹಿಟ್ಟು ಮುಟ್ಟಿದ್ರೆ ಅದು ಎಷ್ಟು ಹೊತ್ತು ಹುದುಗಿದೆ ಅಂತ ನಂಗೆ ಗೊತ್ತಾಗತ್ತೆ. ಅದಕ್ಕೇ ಈ ವಿಷಯ ಬರೀಬೋದು ಅನ್ನಿಸ್ತು.

2024ರ ಮೇ ತಿಂಗಳಲ್ಲಿ ನಾನೂ ನಮ್ಮನೆಯವ್ರೂ ಮಗಳ ಮನೆಗೆ ಹೋಗಿದ್ವಿ, ನಾಲ್ಕು ತಿಂಗಳು ಇದ್ವಿ. ನ್ಯೂಯಾರ್ಕ್ ಸಿಟಿಯ ಕ್ವೀನ್ಸ್ ಅನ್ನೋ ಭಾಗದಲ್ಲಿ ಜಾಕ್ಸನ್ ಹೈಟ್ಸ್ ಅಂತ ಏರಿಯಾ, ನಮ್ಮ ದೇಶದೋರು, ಬಾಂಗ್ಲಾದೋರು, ನೇಪಾಳದೋರು, ಕೊಲಂಬಿಯಾದೋರು ಎಲ್ಲಾ ಇರೋ ಜಾಗ. ಮೊದಲ್ನೇ ಶನಿವಾರ ಅಳಿಯಂದ್ರು ಟೈಮ್ಸ್ ಸ್ಕ್ವೇರ್‌ಗೆ ಕರ್ಕೊಂಡು ಹೋದ್ರು, ಎಲ್ರಿಗೂ ಹಸಿವು, ಎದುರಿಗೇ ನಮ್ಮೂರಲ್ಲೂ ಇರೋ ಒಂದು ಕಂಪನಿ ಪಿಜ್ಜಾ ಅಂಗಡಿ, ಹೆಸರು ಬೇಡ, ಒಳಗೆ ಹೋದ್ವಿ. ದಪ್ಪ ಬುಡ, ಸಿಹಿ ಸಿಹಿ ಸಾಸು, ಮೇಲೆ ರಬ್ಬರ್ ತರ ಚೀಸು. ನಮ್ಮನೆಯವ್ರು ಎರಡು ತುತ್ತು ತಿಂದು, ಇದನ್ನ ತಿನ್ನೋಕೆ ಇಷ್ಟು ದೂರ ಬರ್ಬೇಕಿತ್ತೇನ್ರೀ ಅಂದ್ರು. ನಂಗೂ ಹಾಗೇ ಅನ್ನಿಸ್ತು. ಅಲ್ಲಿಗೆ ಅಮೆರಿಕದ ಪಿಜ್ಜಾ ಅಂದ್ರೆ ಇಷ್ಟೇ ಅಂತ ತೀರ್ಮಾನ ಆಗಿ, ನಾವು ಭಾನುವಾರ ಭಾನುವಾರ ಅದೇ ಕ್ವೀನ್ಸ್‌ನ ಫ್ಲಶಿಂಗ್‌ನ ಗಣಪತಿ ದೇವಸ್ಥಾನದ ಕ್ಯಾಂಟೀನ್‌ಗೆ ಹೋಗಿ ದೋಸೆ ತಿಂದು ಬರೋದು ಅಂತ ಆಯ್ತು. ಆ ಕ್ಯಾಂಟೀನ್ ದೋಸೆ ಚೆನ್ನಾಗೇ ಇದೆ, ಹೋದೋರು ತಪ್ಪದೆ ಹೋಗಿ, ಆದ್ರೆ ಪರ ಊರಿಗೆ ಹೋಗಿ ನಮ್ಮೂಟ ಮಾತ್ರ ತಿಂದು ಬಂದ್ರೆ ಆ ಊರು ನೋಡಿದ ಹಾಗಾಗಲ್ಲ.

ನನ್ನ ಅಭಿಪ್ರಾಯ ಬದಲಾಯಿಸಿದ್ದು ಮಗಳ ಮನೆ ಕೆಳಗಡೆ ಮಹಡಿಲಿ ಇರೋ ಒಬ್ರು ಹಿರಿಯರು. ಸಿಟಿ ಬಸ್ ಡ್ರೈವರ್ ಆಗಿ ರಿಟೈರ್ ಆದೋರು, ಅವರ ತಾತ ಇಟಲಿಯಿಂದ ಹಡಗಲ್ಲಿ ಬಂದಿದ್ರಂತೆ. ಮೆಟ್ಲ ಹತ್ರ ದಿನಾ ಸಿಗೋರು, ನಾನು ಬೇಕರಿಯೋನು ಅಂತ ಗೊತ್ತಾದ ಮೇಲೆ ಮಾತು ಜಾಸ್ತಿ ಆಯ್ತು, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ ಆದ್ರೂ ಹಿಟ್ಟಿನ ವಿಷಯಕ್ಕೆ ಕೈಯಲ್ಲೇ ಅರ್ಧ ಮಾತಾಗತ್ತೆ. ಅವರು ಹೇಳಿದ್ದು ಇಷ್ಟು: ಯಾವ ಅಂಗಡಿಗೆ ಹೋದ್ರೂ ಮೊದಲು ಪ್ಲೇನ್ ಸ್ಲೈಸ್, ಅಂದ್ರೆ ಬರೀ ಸಾಸು ಚೀಸು ಇರೋ ಒಂದು ತುಂಡು ತಗೋ, ಅದರ ಮೇಲೆ ಏನೂ ಹಾಕಿಸ್ಬೇಡ, ಅದು ಚೆನ್ನಾಗಿಲ್ಲ ಅಂದ್ರೆ ಆ ಅಂಗಡಿಲಿ ಯಾವುದೂ ಚೆನ್ನಾಗಿರಲ್ಲ. ನಮ್ಮಪ್ಪ ಹೇಳ್ತಿದ್ದ ಮಾತೂ ಇದೇ, ಹೊಸ ಹೋಟ್ಲಿಗೆ ಹೋದ್ರೆ ಮೊದಲು ಇಡ್ಲಿ ಚಟ್ನಿ ತಿಂದು ನೋಡು ಅಂತ.

ಈ ಸ್ಲೈಸ್ ಅನ್ನೋದನ್ನ ನಿಮ್ಮ ಓದುಗರಿಗೆ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನ್ಯೂಯಾರ್ಕ್ ಪಿಜ್ಜಾ ಅಂದ್ರೇ ಅದು. ನಮ್ಮಲ್ಲಿ ಪಿಜ್ಜಾ ಅಂದ್ರೆ ಡಬ್ಬದಲ್ಲಿ ಬರೋದು, ಇಡೀದು ತಗೋಬೇಕು. ಅಲ್ಲಿ ಸಾಮಾನ್ಯವಾಗಿ 18 ಇಂಚಿನ ದೊಡ್ಡ ಪಿಜ್ಜಾ ಮಾಡಿ ಎಂಟು ತುಂಡು ಮಾಡಿಡ್ತಾರೆ, ಆ ಇಡೀ ಪಿಜ್ಜಾಗೆ ಅವರು ಪೈ ಅಂತಾರೆ. ನಿಮಗೆ ಒಂದು ತುಂಡು ಬೇಕು ಅಂದ್ರೆ ಒಂದು ತುಂಡು, ಒಲೆಗೆ ಒಂದೆರಡು ನಿಮಿಷ ಮತ್ತೆ ತಳ್ಳಿ ಬಿಸಿ ಮಾಡಿ, ಪೇಪರ್ ಪ್ಲೇಟ್‌ಗೆ ಹಾಕಿ ಕೈಗೆ ಕೊಡ್ತಾರೆ. ಉದ್ದಕ್ಕೆ ಮಧ್ಯಕ್ಕೆ ಮಡಚ್ಕೊಂಡು ನಿಂತ್ಕೊಂಡೇ ತಿನ್ನೋದು, ನಮ್ಮ ದರ್ಶಿನಿಗಳ ತರಾನೇ. ಕೌಂಟರ್ ಮೇಲೆ ಒಣಮೆಣಸಿನಕಾಯಿ ಚೂರು, ಓರೆಗಾನೋ, ಬೆಳ್ಳುಳ್ಳಿ ಪುಡಿ ಇಟ್ಟಿರ್ತಾರೆ. ನಾವಿದ್ದಾಗ ಮನೆ ಹತ್ರದ ಅಂಗಡಿಗಳಲ್ಲಿ ಒಂದು ತುಂಡಿಗೆ ಮೂರರಿಂದ ನಾಲ್ಕು ಡಾಲರ್ ಒಳಗೆ, ಸಬ್‌ವೇ, ಅಂದ್ರೆ ಅಲ್ಲಿಯ ಮೆಟ್ರೋ ಟ್ರೈನ್, ಅದರ ಟಿಕೆಟ್ 2.90 ಡಾಲರ್ ಇತ್ತು. ಆ ಊರಲ್ಲಿ ಒಂದು ಹಳೇ ಮಾತಿದೆ, ಒಂದು ಸ್ಲೈಸ್ ಬೆಲೆಯೂ ಟ್ರೈನ್ ಟಿಕೆಟ್ ಬೆಲೆಯೂ ಜೊತೆಜೊತೆಗೇ ಏರತ್ತೆ ಅಂತ, 1980ರಲ್ಲೇ ಅಲ್ಲಿಯ ಪತ್ರಿಕೆಲಿ ಇದು ಬಂದಿತ್ತಂತೆ. ಅಂದ್ರೆ ಅದು ಶ್ರೀಮಂತರ ತಿಂಡಿ ಅಲ್ಲ, ಕೆಲಸಕ್ಕೆ ಹೋಗಿಬರೋರ ತಿಂಡಿ.

ಆ ಹಿರಿಯರು ಹೇಳಿದ ಮೇಲೆ ಮೊದಲು ಹೋಗಿದ್ದು ಗ್ರೀನಿಚ್ ವಿಲೇಜ್‌ನ ಕಾರ್ಮೈನ್ ಬೀದಿಲಿರೋ ಜೋಸ್ ಪಿಜ್ಜಾಗೆ. 1975ರಲ್ಲಿ ನೇಪಲ್ಸ್‌ನಿಂದ ಬಂದೋರು ಶುರು ಮಾಡಿದ್ದು. ಎಫ್ ಟ್ರೈನ್‌ನಲ್ಲಿ ಪಶ್ಚಿಮ ನಾಲ್ಕನೇ ಬೀದಿ ಸ್ಟೇಷನ್‌ನಲ್ಲಿ ಇಳಿದ್ರೆ ಸ್ವಲ್ಪ ನಡಿಗೆ. ಕ್ಯೂ ಇತ್ತು ಆದ್ರೆ ಸರಸರ ಮುಂದೆ ಹೋಗತ್ತೆ. ಕೈಗೆ ಬಂದ ತುಂಡನ್ನ ನಾನು ತಿನ್ನೋಕೆ ಮುಂಚೆ ತಿರುಗಿಸಿ ತಳ ನೋಡ್ದೆ. ಇದು ಬೇಕರಿಯೋರ ಅಭ್ಯಾಸ, ಬನ್ನು ಸರಿಯಾಗಿ ಬೆಂದಿದ್ಯಾ ಅಂತ ತಳದಲ್ಲಿ ಗೊತ್ತಾಗತ್ತೆ. ಅಲ್ಲಲ್ಲಿ ಕಂದು ಚುಕ್ಕೆ, ಬೆರಳಲ್ಲಿ ತಟ್ಟಿದ್ರೆ ಟಕಟಕ ಅನ್ನತ್ತೆ, ಮಡಚಿದ್ರೆ ಮೇಲೆ ಸಣ್ಣಗೆ ಬಿರುಕು ಬಿಡತ್ತೆ ಆದ್ರೆ ಮುರಿಯಲ್ಲ, ಒಳಗೆ ಮೆತ್ತಗೆ. ಮೊದಲ್ನೇ ತುತ್ತಿಗೇ ನಾನು ಒಂದು ನಿಮಿಷ ಸುಮ್ಮನೆ ನಿಂತ್ಬಿಟ್ಟೆ. ಇಷ್ಟು ವರ್ಷ ಹಿಟ್ಟಲ್ಲಿ ಕೈ ಇಟ್ಕೊಂಡು ಬದುಕಿದೀನಿ, ಬರೀ ಹಿಟ್ಟು, ಟೊಮೆಟೊ, ಚೀಸು ಮೂರೇ ಸಾಮಾನಲ್ಲಿ ಹೀಗೆ ಬರತ್ತೆ ಅಂತ ಗೊತ್ತಿರ್ಲಿಲ್ಲ.

ಯಾಕೆ ಹಾಗೆ ಬರತ್ತೆ ಅನ್ನೋದನ್ನ ಆಮೇಲೆ ಅಂಗಡಿ ಅಂಗಡಿಲಿ ಕೇಳಿ ತಿಳ್ಕೊಂಡೆ, ಅಲ್ಲಿ ಪಿಜ್ಜಾ ಮಾಡೋರು ಕೇಳಿದ್ರೆ ಹೇಳ್ತಾರೆ, ಮುಚ್ಚಿಡಲ್ಲ. ಮೊದಲ್ನೇದು ಹಿಟ್ಟು. ನಮ್ಮ ಮೈದಾಗಿಂತ ಅಂಟು ಜಾಸ್ತಿ ಇರೋ ಗಟ್ಟಿ ಗೋಧಿ ಹಿಟ್ಟು ಅದು, ಅದಕ್ಕೇ ಅಷ್ಟು ತೆಳ್ಳಗೆ ಎಳೆದ್ರೂ ಹರಿಯಲ್ಲ. ಎರಡ್ನೇದು ಸಮಯ. ನಾವು ಬೇಕರಿಲಿ ಬೆಳಗ್ಗೆ ಕಲಸಿದ ಹಿಟ್ಟು ಮಧ್ಯಾಹ್ನಕ್ಕೆ ಬನ್ನಾಗ್ಬೇಕು, ಅವರು ಉಂಡೆ ಮಾಡಿ ಫ್ರಿಡ್ಜಲ್ಲಿ ಒಂದು ದಿನ, ಕೆಲವರು ಎರಡು ಮೂರು ದಿನ ಇಡ್ತಾರೆ, ಈಸ್ಟ್ ಸ್ವಲ್ಪಾನೇ ಹಾಕಿ. ದೋಸೆ ಹಿಟ್ಟು ರಾತ್ರಿಯಿಡೀ ಹುದುಗಿದ್ರೆ ಬರೋ ರುಚಿಯೇ ಬೇರೆ ಅಲ್ವಾ, ಅದೇ ಕಥೆ. ಮೂರ್ನೇದು ಒಲೆ. ಈ ಸ್ಲೈಸ್ ಅಂಗಡಿಗಳಲ್ಲಿ ಗ್ಯಾಸ್ ಒಲೆ, ಕಲ್ಲಿನ ತಳ, ಸುಮಾರು 280–300 ಡಿಗ್ರಿ ಸೆಲ್ಸಿಯಸ್ ಕಾವು, ಟ್ರೇ ಇಲ್ಲದೆ ನೇರ ಕಲ್ಲಿನ ಮೇಲೇ ಬೇಯತ್ತೆ. ದೊಡ್ಡ ಕಂಪನಿಗಳದ್ದು ಸರಪಣಿ ಮೇಲೆ ಟ್ರೇ ಹೋಗೋ ಮಷಿನ್ನು, ಒಂದು ಕಡೆ ಹಾಕಿದ್ರೆ ಇನ್ನೊಂದು ಕಡೆ ಬರತ್ತೆ, ಅದರಲ್ಲಿ ಈ ತಳ ಬರೋಕೆ ಸಾಧ್ಯವಿಲ್ಲ. ಇನ್ನು ಆ ಊರಿನ ನೀರಿಂದಾನೇ ರುಚಿ ಅಂತ ಬಹಳ ಜನ ಹೇಳ್ತಾರೆ, ಬೆಟ್ಟದ ಕಡೆ ಜಲಾಶಯಗಳಿಂದ ಬರೋ ಮೆದು ನೀರು ಅದು ನಿಜ, ನಮ್ಮ ಬೋರ್‌ವೆಲ್ ನೀರಲ್ಲಿ ಬ್ರೆಡ್ ಮಾಡಿ ಕಷ್ಟಪಟ್ಟೋನು ನಾನು, ನೀರು ಲೆಕ್ಕಕ್ಕೇ ಇಲ್ಲ ಅನ್ನಲ್ಲ, ಆದ್ರೆ ನನ್ನ ಕೇಳಿದ್ರೆ ನೀರಿಗಿಂತ ಕಾಯೋ ತಾಳ್ಮೆ ದೊಡ್ಡದು.

ಒಂದು ವಿಷಯ ಮಾತ್ರ ನಂಗೆ ಸರಿಬರ್ಲಿಲ್ಲ, ಅದನ್ನೂ ಹೇಳ್ಬೇಕು. ಅಲ್ಲಿ ಬಹಳಷ್ಟು ಅಂಗಡಿಗಳ ಹಿಟ್ಟಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಇರತ್ತೆ, ಹಿಟ್ಟು ಚೆನ್ನಾಗಿ ಉಬ್ಬಲಿ ಅಂತ. ನಮ್ಮಲ್ಲಿ 2016ರಲ್ಲೇ ಅದನ್ನ ನಿಷೇಧ ಮಾಡಿದಾರೆ, ಕ್ಯಾನ್ಸರ್ ಭಯ ಅಂತ, ನಾವೆಲ್ಲಾ ಬೇಕರಿಯೋರು ಬಿಟ್ವಿ, ಬಿಟ್ಟ ಮೇಲೂ ಬ್ರೆಡ್ ಉಬ್ಬೇ ಉಬ್ಬತ್ತೆ. ಬ್ರೋಮೇಟ್ ಇಲ್ಲದ ಹಿಟ್ಟು ಬಳಸೋ ಅಂಗಡಿಗಳೂ ಅಲ್ಲಿವೆ, ಕೆಲವರು ಬೋರ್ಡ್‌ನಲ್ಲೇ ಬರ್ದಿರ್ತಾರೆ, ಕೇಳಿ ತಿನ್ನಿ.

ಆಮೇಲೆ ವಾರಕ್ಕೆರಡು ದಿನ ನಾನೂ ನಮ್ಮನೆಯವ್ರೂ ಇದೇ ಕೆಲಸಕ್ಕೆ ಟ್ರೈನ್ ಹತ್ತಿದ್ವಿ. ಸ್ಪ್ರಿಂಗ್ ಬೀದಿಯ ಲೊಂಬಾರ್ಡಿಸ್ ನೋಡಿದ್ವಿ, 1905ರದ್ದು, ಅಮೆರಿಕದ ಮೊದಲ್ನೇ ಪಿಜ್ಜಾ ಅಂಗಡಿ ಅಂತ ಹೇಳ್ಕೋತಾರೆ, ಅದಕ್ಕೂ ಮುಂಚೆ ಬೇರೆಯವರು ಶುರು ಮಾಡಿದ್ರು ಅಂತ ಹಳೇ ದಾಖಲೆ ಹುಡುಕಿದೋರು ವಾದ ಮಾಡ್ತಾರೆ. ಮಧ್ಯೆ 1984ರಲ್ಲಿ ಮುಚ್ಚಿ 1994ರಲ್ಲಿ ಅದೇ ಬೀದಿಲಿ ಬೇರೆ ಕಟ್ಟಡದಲ್ಲಿ ತೆಗೆದ್ರಂತೆ. ಪ್ರವಾಸಿಗರೇ ಜಾಸ್ತಿ. ಬ್ಲೀಕರ್ ಬೀದಿಯ ಜಾನ್ಸ್‌ನಲ್ಲಿ ಬಾಗಿಲಲ್ಲೇ ಬಿಡಿ ತುಂಡು ಮಾರಲ್ಲ ಅಂತ ಬರ್ದಿದಾರೆ, ಇಡೀ ಪಿಜ್ಜಾನೇ ತಗೋಬೇಕು. ಇವೆಲ್ಲಾ ಕಲ್ಲಿದ್ದಲ ಒಲೆಗಳು.

ಆದ್ರೆ ಕೋನಿ ಐಲ್ಯಾಂಡ್‌ನ ಟೊಟೊನೋಸ್ ಬಗ್ಗೆ ಸ್ವಲ್ಪ ಜಾಸ್ತಿ ಬರೀಬೇಕು. ನೆಪ್ಚೂನ್ ಅವೆನ್ಯೂಲಿದೆ, ಸಮುದ್ರದ ಹತ್ರ, ಜಾಕ್ಸನ್ ಹೈಟ್ಸ್‌ನಲ್ಲಿ ಎಫ್ ಟ್ರೈನ್ ಹತ್ತಿದ್ರೆ ಬದಲಾಯಿಸೋ ಗೊಡವೆ ಇಲ್ಲ, ಕೊನೇ ಸ್ಟಾಪ್, ಗಂಟೆ ಮೇಲೆ ಹಿಡಿಯತ್ತೆ, ವಾರದಲ್ಲಿ ಕೆಲವೇ ದಿನ ತೆಗೆದಿರತ್ತೆ ವಿಚಾರಿಸ್ಕೊಂಡು ಹೋಗ್ಬೇಕು. ಆಂಟೊನಿಯೋ ಪೆರೊ ಅನ್ನೋರು 1924ರಲ್ಲಿ ಶುರು ಮಾಡಿದ್ದು. 1924 ಅಂದ್ರೆ ನಮ್ಮ ಎಂಟಿಆರ್ ಶುರುವಾದ ವರ್ಷಾನೇ! ನಾವು ಹೋದಾಗ ಎರಡಕ್ಕೂ ನೂರು ತುಂಬಿತ್ತು. ಇಲ್ಲಿ ನಮ್ಮೋರು ಇಡ್ಲಿ ಕಾಫಿ ಇಟ್ಕೊಂಡು ಅಂಗಡಿ ಹಾಕ್ಬೇಕಾದ್ರೆ ಅಲ್ಲಿ ಸಮುದ್ರದ ದಡದಲ್ಲಿ ಇನ್ನೊಬ್ರು ಒಲೆ ಹಚ್ತಿದ್ರು ಅಂತ ನಾನು ಅಂದಾಗ ನಮ್ಮನೆಯವ್ರು ಫೋಟೋ ತೆಗೀರಿ ಅಂದ್ರು. ಇಡೀ ಪಿಜ್ಜಾ ಪಾರ್ಸಲ್ ತಗೊಂಡು ಸಮುದ್ರದ ಎದುರು ಬೆಂಚಲ್ಲಿ ಕೂತು ತಿಂದ್ವಿ. ಕಲ್ಲಿದ್ದಲ ಒಲೆ 400 ಡಿಗ್ರಿ ಮೇಲೆ ಕಾಯತ್ತೆ, ಕೆಲವೇ ನಿಮಿಷದಲ್ಲಿ ಬೆಂದುಬಿಡತ್ತೆ, ಅಂಚಲ್ಲಿ ಕಪ್ಪು ಗುಳ್ಳೆ, ಅದು ಸೀದಿದ್ದಲ್ಲ, ಒಲೆ ಕಾವಲ್ಲಿ ರೊಟ್ಟಿ ಮೇಲೆ ಬರತ್ತಲ್ಲ ಕಪ್ಪು ಮಚ್ಚೆ, ಹಾಗೆ. ಆ ವಾಸನೆ ಮೂಗಿಗೆ ಬಂದ ತಕ್ಷಣ ನಂಗೆ ನಮ್ಮ ಹಳೇ ಸೌದೆ ಒಲೆ ನೆನಪಾಯ್ತು. 2009ರಲ್ಲಿ ನಾನೇ ಅದನ್ನ ಒಡೆಸಿ ಕರೆಂಟ್ ಓವನ್ ಹಾಕಿಸಿದ್ದು, ಹೊಗೆ ಅಂತ ಅಕ್ಕಪಕ್ಕದೋರ ಕಂಪ್ಲೇಂಟ್ ಇತ್ತು, ಸೌದೆ ಕೊಡೋರೂ ಇರ್ಲಿಲ್ಲ. ಬೆಂಚ್ ಮೇಲೆ ಕೂತು ಅದನ್ನ ನೆನೆಸ್ಕೊಂಡು ಕಣ್ಣಲ್ಲಿ ನೀರು ಬಂತು. ಅಲ್ಲೂ ಹೊಗೆ ಸಮಸ್ಯೆ ಇದೆ, ಕಲ್ಲಿದ್ದಲು ಸೌದೆ ಒಲೆ ಇರೋ ಹಳೇ ಅಂಗಡಿಗಳು ಹೊಗೆಯ ಕಣಗಳನ್ನ 75 ಪರ್ಸೆಂಟ್ ಕಮ್ಮಿ ಮಾಡೋ ಹಾಗೆ ಫಿಲ್ಟರ್ ಹಾಕಿಸ್ಬೇಕು ಅಂತ ಸಿಟಿಯೋರು ನಿಯಮ ತಂದ್ರು, 2024ರಲ್ಲೇ ಅದು ಜಾರಿಗೆ ಬಂದಿದ್ದು. ಒಲೆ ಒಡೀರಿ ಅನ್ಲಿಲ್ಲ, ಹೊಗೆ ತಡೀರಿ ಅಂದ್ರು. ನಮ್ಮೂರಲ್ಲೂ ಯಾರಾದ್ರೂ ಹೀಗೆ ಹೇಳಿ ದಾರಿ ತೋರ್ಸಿದ್ದಿದ್ರೆ ಎಷ್ಟೋ ಬೇಕರಿ ಒಲೆ ಉಳೀತಿತ್ತು.

ಬ್ರೂಕ್ಲಿನ್‌ನ ಅವೆನ್ಯೂ ಜೆ ಅಂತ ಸ್ಟೇಷನ್ ಇದೆ ಕ್ಯೂ ಟ್ರೈನ್‌ದು, ಅಲ್ಲಿ ಡಿ ಫರಾ. ಡೊಮೆನಿಕೊ ಡಿಮಾರ್ಕೊ ಅನ್ನೋರು 1965ರಲ್ಲಿ ಶುರು ಮಾಡಿ, ಐವತ್ತಕ್ಕೂ ಹೆಚ್ಚು ವರ್ಷ ತಾವೇ ಕೈಯಾರೆ ಒಂದೊಂದು ಪಿಜ್ಜಾನೂ ಮಾಡ್ತಿದ್ರಂತೆ, ಒಲೆಯಿಂದ ಬಂದ ಮೇಲೆ ಬೇಸಿಲ್ ಅಂತ ತುಳಸಿ ಜಾತಿ ಎಲೆನ ಕತ್ತರಿಲಿ ಕತ್ತರಿಸಿ ಮೇಲೆ ಉದುರಿಸೋರು. 2022ರಲ್ಲಿ ತೀರ್ಕೊಂಡ್ರು, ಈಗ ಮನೆಯವ್ರು ನಡೆಸ್ತಾರೆ. ನಾನು ಅವರನ್ನ ನೋಡೋಕಾಗ್ಲಿಲ್ಲ ಅನ್ನೋದು ಒಂದು ಕೊರಗು. ಅದೇ ಬ್ರೂಕ್ಲಿನ್‌ನಲ್ಲಿ 86ನೇ ಬೀದಿಲಿ ಎಲ್ ಅಂಡ್ ಬಿ ಸ್ಪುಮೋನಿ ಗಾರ್ಡನ್ಸ್, 1939ರದ್ದು. ಅಲ್ಲಿ ಚೌಕದ ಪಿಜ್ಜಾ, ಸಿಸಿಲಿಯನ್ ಅಂತಾರೆ. ಟ್ರೇಲಿ ಎಣ್ಣೆ ಸವರಿ ದಪ್ಪಗೆ ಹಿಟ್ಟು, ಅದರ ಮೇಲೆ ಚೀಸು, ಚೀಸ್ ಮೇಲೆ ಸಾಸು, ಅಂದ್ರೆ ಎಲ್ಲಾ ಕಡೆ ಮಾಡೋದಕ್ಕೆ ಉಲ್ಟಾ. ಕೆಳಗೆ ಗರಿಗರಿ, ಒಳಗೆ ನಮ್ಮ ಬನ್ನಿನ ತರ ಮೆತ್ತಗೆ. ಐಯ್ಯಂಗಾರ್ ಬೇಕರಿ ತಿಂಡಿ ಇಷ್ಟಪಡೋರಿಗೆ, ಹಲ್ಲು ವೀಕ್ ಇರೋರಿಗೆ, ನಾನು ಇದನ್ನೇ ಮೊದಲು ಹೇಳೋದು. ನಮ್ಮನೆಯವ್ರಿಗೆ ನಾಲ್ಕು ತಿಂಗಳಲ್ಲಿ ತುಂಬಾ ಹಿಡಿಸಿದ್ದೂ ಇದೇ.

ಹೆಸರಿನ ವಿಷಯ ಒಂದಿದೆ. ಆ ಊರಲ್ಲಿ ರೇಸ್ ಪಿಜ್ಜಾ, ಅಂದ್ರೆ ರೇ ಅನ್ನೋರ ಪಿಜ್ಜಾ, ಅಂತ ಎಷ್ಟೋ ಬೋರ್ಡ್ ಇರ್ತಿತ್ತಂತೆ, ಫೇಮಸ್ ರೇಸ್, ಒರಿಜಿನಲ್ ರೇಸ್, ವರ್ಲ್ಡ್ ಫೇಮಸ್ ರೇಸ್, ಒಂದಕ್ಕೊಂದು ಸಂಬಂಧಾನೇ ಇಲ್ದೆ. ಮೊದಲ್ನೇದು 1959ರಲ್ಲಿ ಪ್ರಿನ್ಸ್ ಬೀದಿಲಿ ಶುರುವಾಗಿ 2011ರಲ್ಲಿ ಮುಚ್ಚಿಹೋಯ್ತು, ಹೆಸರು ಮಾತ್ರ ಉಳೀತು. ನಂಗೆ ಇದು ಚೆನ್ನಾಗಿ ಅರ್ಥ ಆಗತ್ತೆ. ಚಿಕ್ಕಪೇಟೆಲಿ 1898ರಲ್ಲಿ ಹಾಸನದ ಕಡೆಯ ಅಣ್ಣತಮ್ಮಂದ್ರು ಬಿಬಿ ಬೇಕರಿ ಶುರು ಮಾಡಿದ ಮೇಲೆ ಇವತ್ತು ಬೆಂಗಳೂರಲ್ಲಿ ಯಾವ ಗಲ್ಲಿಗೆ ಹೋದ್ರೂ ಐಯ್ಯಂಗಾರ್ ಬೇಕರಿ ಇದೆ, ನಾನು ಐಯ್ಯಂಗಾರ್ ಅಲ್ಲ, ನನ್ನ ಬೋರ್ಡ್ ಮೇಲೂ ಅದೇ ಇತ್ತು, ಕೆಲಸ ಕಲಿತ ಮನೆಯ ಹೆಸರು ಅಂತ ಭಕ್ತಿಯಿಂದಾನೇ ಹಾಕಿದ್ದೆ. ಹಾಗಾಗಿ ಬೋರ್ಡ್ ನೋಡಿ ಒಳಗೆ ಹೋಗ್ಬೇಡಿ ಅಂತ ಬೇಕರಿಯೋನಾಗಿ ನಾನೇ ಹೇಳ್ತೀನಿ, ಒಲೆ ಮುಂದೆ ನಿಂತಿರೋನ ಕೈ ನೋಡಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಇಷ್ಟೆಲ್ಲಾ ಸುತ್ತಿದ ಮೇಲೆ ನಾನು ತಿಂದ ಅತ್ಯುತ್ತಮ ಪಿಜ್ಜಾ ಯಾವುದು ಅಂದ್ರೆ ಇದ್ಯಾವುದೂ ಅಲ್ಲ. ಮಗಳ ಮನೆಯಿಂದ ಆರು ನಿಮಿಷ ನಡಿಗೆ, ರೂಸ್‌ವೆಲ್ಟ್ ಅವೆನ್ಯೂಲಿ ಮೇಲೆ ಟ್ರೈನ್ ಓಡತ್ತಲ್ಲ ಅಲ್ಲಿಂದ ಸ್ವಲ್ಪ ಒಳಗೆ, ಒಂದು ಸಣ್ಣ ಅಂಗಡಿ, ನಾಲ್ಕು ಕುರ್ಚಿ, ಯಾವ ಟಾಪ್ ಟೆನ್ ಲಿಸ್ಟಲ್ಲೂ ಇಲ್ಲ. ಎರಡು ತಿಂಗಳು ಅದರ ಮುಂದೆನೇ ಓಡಾಡಿ ಒಳಗೆ ಹೋಗಿರ್ಲಿಲ್ಲ. ಮಾಲೀಕರು ಇಟಲಿಯೋರೂ ಅಲ್ಲ, ಅಲ್ಬೇನಿಯಾದಿಂದ ಬಂದೋರು, ಒಲೆ ಮುಂದೆ ನಿಲ್ಲೋ ಹುಡುಗ ಮೆಕ್ಸಿಕೋದ ಪ್ಯೂಬ್ಲಾ ಕಡೆಯೋನು, ಹದಿನೆಂಟು ವರ್ಷದಿಂದ ಅದೇ ಒಲೆ. ಮಧ್ಯಾಹ್ನ ಮೂರು ಗಂಟೆಗೆ ಸ್ಕೂಲ್ ಬಿಟ್ಟ ಮೇಲೆ ಮಕ್ಕಳು ಸಾಲು ನಿಲ್ತಾರೆ, ಆಗ ಹತ್ತು ನಿಮಿಷಕ್ಕೊಂದು ಹೊಸ ಪೈ ಒಲೆಯಿಂದ ಬರ್ತಿರತ್ತೆ. ಆ ಹೊತ್ತಿಗೆ ಹೋಗ್ಬೇಕು. ಇದನ್ನ ಎಲ್ರೂ ನೆನಪಿಟ್ಕೊಳ್ಳಿ, ಎಷ್ಟೇ ಹೆಸರುವಾಸಿ ಅಂಗಡಿ ಆದ್ರೂ ಎರಡು ಗಂಟೆಯಿಂದ ಗಾಜಿನ ಹಿಂದೆ ಕೂತಿರೋ ತುಂಡನ್ನ ಬಿಸಿ ಮಾಡಿಕೊಟ್ರೆ ಅದು ಆರಿದ ದೋಸೆ. ಹೊಸದು ಬರೋವರೆಗೂ ನಿಲ್ತೀನಿ ಅಂತ ಹೇಳಿದ್ರೆ ಅಲ್ಲಿಯೋರು ಖುಷಿಯಾಗೇ ಒಪ್ಕೋತಾರೆ.

ಒಂದಿನ ಆ ಹುಡುಗ ನನ್ನ ಕೈಗೆ ಹಿಟ್ಟಿನ ಉಂಡೆ ಕೊಟ್ಟ, ಮುಟ್ಟಿ ನೋಡಿ ಅಂತ. ತಣ್ಣಗೆ, ರೇಷ್ಮೆ ತರ, ಬೆರಳು ಒತ್ತಿದ್ರೆ ನಿಧಾನಕ್ಕೆ ಮೇಲೆ ಬರತ್ತೆ. ಎರಡು ರಾತ್ರಿ ಅಂದೆ. ಹೌದು ಎರಡು ರಾತ್ರಿ ಅಂದ, ನಗ್ತಾ. ಮಾರ್ನೇ ದಿನ ನಾನು ಮಗಳ ಮನೆ ಓವನ್ನಲ್ಲಿ ಖಾರ ಬನ್ ಮಾಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಹಾಕಿ, ಹನ್ನೆರಡು ತಗೊಂಡು ಹೋಗಿ ಕೊಟ್ಟೆ. ಅಂಗಡಿಯೋರೆಲ್ಲಾ ನಿಂತ್ಕೊಂಡೇ ತಿಂದು ಮುಗಿಸಿದ್ರು. ವಾಪಸ್ ಬರೋವರೆಗೂ ಅವರು ನನ್ನ ಹತ್ರ ಸ್ಲೈಸಿಗೆ ದುಡ್ಡು ತಗೊಳ್ಳೋಕೆ ಒಪ್ಪದೆ, ನಾನು ಬಲವಂತ ಮಾಡಿ ಇಟ್ಟು ಬರ್ತಿದ್ದೆ.

ನನ್ನ ಮಾತು ಇಷ್ಟೇ ಸಾರ್, ಆ ಊರಿನ ಒಳ್ಳೇ ಪಿಜ್ಜಾ ಮಗಳ ಮನೆ, ಮಗನ ಮನೆ ಇರೋ ಬೀದಿಲೇ ಇರತ್ತೆ. ಅಲ್ಲಿ ಹುಟ್ಟಿ ಬೆಳೆದೋರನ್ನ ಕೇಳ್ಬೇಕು, ಆದ್ರೆ ನ್ಯೂಯಾರ್ಕ್‌ನಲ್ಲೆಲ್ಲಾ ಯಾವುದು ಬೆಸ್ಟ್ ಅಂತ ಕೇಳ್ಬಾರ್ದು, ಹಾಗೆ ಕೇಳಿದ್ರೆ ಅವರೂ ಲಿಸ್ಟಲ್ಲಿರೋ ಹೆಸರೇ ಹೇಳ್ತಾರೆ. ನೀವು ಚಿಕ್ಕೋರಿದ್ದಾಗ ಸ್ಕೂಲ್ ಬಿಟ್ಟ ಮೇಲೆ ಎಲ್ಲಿ ತಿಂತಿದ್ರಿ ಅಂತ ಕೇಳಿ, ಮುಖವೇ ಬದಲಾಗತ್ತೆ, ಆಗ ಬರೋ ಹೆಸರೇ ಬೇರೆ. ಅಂಚೆಯೋರು, ಪೊಲೀಸ್ನೋರು, ಕಟ್ಟಡ ಕೆಲಸದೋರು ಯಾವ ಅಂಗಡಿ ಮುಂದೆ ನಿಂತಿದಾರೆ ನೋಡಿ. ತೀರಾ ಅಗ್ಗದ ಡಾಲರ್ ಸ್ಲೈಸ್ ಅಂಗಡಿಗಳೂ ಇವೆ, ನಾವಿದ್ದಾಗಲೇ ಬಹಳ ಕಡೆ ಒಂದೂವರೆ ಡಾಲರ್ ಆಗಿತ್ತು, ಹೊಟ್ಟೆ ತುಂಬತ್ತೆ, ತಪ್ಪಿಲ್ಲ, ಆದ್ರೆ ಅದನ್ನ ತಿಂದು ನ್ಯೂಯಾರ್ಕ್ ಪಿಜ್ಜಾ ಇಷ್ಟೇ ಅಂತ ವಾಪಸ್ ಬರ್ಬೇಡಿ.

ಸಸ್ಯಾಹಾರಿಗಳಿಗೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದು ಅಪೂರ್ಣ, ಇದನ್ನ ದಯವಿಟ್ಟು ತಿದ್ದಿ ಹಾಕಿ. ಪ್ಲೇನ್ ಸ್ಲೈಸಲ್ಲಿ ಮಾಂಸ ಇರಲ್ಲ, ಸರಿ, ಆದ್ರೆ ಎರಡು ವಿಷಯ ಇದೆ. ಮಾಂಸದ ಚೂರು ಹಾಕಿದ ಪಿಜ್ಜಾ ಕತ್ತರಿಸಿದ ಚಕ್ರದ ಕತ್ತೀಲೇ ನಿಮ್ಮದನ್ನೂ ಕತ್ತರಿಸ್ತಾರೆ, ಒಲೇನೂ ಒಂದೇ. ಬೇರೆ ಕತ್ತಿ ಬಳಸಿ ಅಂದ್ರೆ ಒರೆಸಿ ಬಳಸ್ತಾರೆ, ಸಂಕೋಚ ಬೇಡ, ಕೇಳಿ. ಇನ್ನೊಂದು ಚೀಸು. ಮೇಲೆ ಉದುರಿಸೋ ಪಾರ್ಮೇಸಾನ್ ಜಾತಿ ಚೀಸ್‌ನಲ್ಲಿ, ಅದರಲ್ಲೂ ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊದಲ್ಲಿ, ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸ್ತಾರೆ. ಇಲ್ಲಿಯ ಹಾಗೆ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಅಲ್ಲಿಲ್ಲ. ಮೊಜರೆಲ್ಲಾದಲ್ಲಿ ಬಹಳಷ್ಟು ಕಂಪನಿಗಳು ಈಗ ಪ್ರಾಣಿಯದ್ದಲ್ಲದ ರೆನ್ನೆಟ್ ಬಳಸ್ತಾವೆ, ಆದ್ರೂ ಕೇಳ್ಬೇಕು. ನಮ್ಮನೆಯವ್ರಿಗೆ ಇದು ಗೊತ್ತಾಗಿದ್ದು ಆರು ವಾರ ಆದ ಮೇಲೆ, ಅಷ್ಟರಲ್ಲಿ ಎಷ್ಟೋ ಸಲ ಆ ಬಿಳಿ ಪುಡಿ ಉದುರಿಸ್ಕೊಂಡು ತಿಂದಾಗಿತ್ತು, ಅವರು ಎರಡು ದಿನ ಮಾತೇ ಆಡ್ಲಿಲ್ಲ, ದೇವರ ಮುಂದೆ ಕೂತು ತಪ್ಪಾಯ್ತು ಅಂದ್ಕೊಂಡ್ರು. ಮೊದಲೇ ಒಂದು ಸಾಲು ಎಲ್ಲಾದ್ರೂ ಓದಿದ್ದಿದ್ರೆ ಈ ಸಂಕಟ ಇರ್ತಿರ್ಲಿಲ್ಲ, ನಿಮ್ಮ ಪುರವಣಿ ನೋಡಿದಾಗ ಕೋಪ ಬಂದಿದ್ದಕ್ಕೆ ಇದೂ ಕಾರಣ.

ಇದಕ್ಕೆ ಒಂದು ದಾರಿನೂ ಇದೆ, ನಮ್ಮೋರಿಗೆ ಬಹಳ ಜನಕ್ಕೆ ಗೊತ್ತಿಲ್ಲ. ಯಹೂದಿಗಳ ಕೋಷರ್ ಪಿಜ್ಜಾ ಅಂಗಡಿಗಳು. ಅವರ ಧರ್ಮದ ಪ್ರಕಾರ ಹಾಲಿನ ಪದಾರ್ಥಾನೂ ಮಾಂಸಾನೂ ಒಟ್ಟಿಗೆ ಸೇರಿಸೋ ಹಾಗಿಲ್ಲ, ಪಾತ್ರೆ, ಅಡುಗೆಮನೆ ಕೂಡ ಬೇರೆ ಬೇರೆ. ಪಿಜ್ಜಾ ಅಂದ್ರೆ ಚೀಸು, ಹಾಗಾಗಿ ಆ ಅಂಗಡಿ ಒಳಗೆ ಮಾಂಸಾನೇ ಬರಲ್ಲ. ಮೀನು ಇರಬೋದು, ಅದೊಂದು ಕೇಳ್ಕೊಳ್ಳಿ, ಚೀಸ್ ವಿಷಯಾನೂ ಕೇಳಿ. ಕ್ವೀನ್ಸ್‌ನ ಕ್ಯೂ ಗಾರ್ಡನ್ಸ್ ಹಿಲ್ಸ್‌ನ ಮೇನ್ ಸ್ಟ್ರೀಟಲ್ಲಿ, ಬ್ರೂಕ್ಲಿನ್‌ನ ಮಿಡ್‌ವುಡ್‌ನಲ್ಲಿ ಇಂಥ ಅಂಗಡಿ ಇದಾವೆ, ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೂ ಮುಚ್ಚಿರತ್ತೆ, ಅದು ಅವರ ವಾರದ ವಿಶ್ರಾಂತಿ ದಿನ, ಸಬ್ಬತ್ತು. ಮಡಿ ಮೈಲಿಗೆ ನೋಡೋ ಹಿರಿಯರು ಇದ್ರೆ ಅಲ್ಲಿಗೆ ಕರ್ಕೊಂಡು ಹೋಗಿ, ನಮ್ಮನೆಯವ್ರು ಆಮೇಲೆ ನೆಮ್ಮದಿಯಾಗಿ ತಿಂದಿದ್ದು ಅಲ್ಲೇ. ಅಡುಗೆಮನೆ ಬೇರೆ, ಪಾತ್ರೆ ಬೇರೆ ಅಂತ ಆ ಅಂಗಡಿಯೋರು ವಿವರಿಸಿದಾಗ ನಮ್ಮನೆಯವ್ರಿಗೆ ತಮ್ಮ ಅತ್ತೆ ಮಾತಾಡಿದ ಹಾಗೇ ಕೇಳಿಸ್ತಂತೆ.

ಇಲ್ಲಿಗೆ ಬಂದ ಮೇಲೆ ಮಗನ ಬೇಕರಿಲಿ, ಈಗ ಅವನೇ ನೋಡ್ಕೊಳ್ಳೋದು, ಹಿಟ್ಟನ್ನ ಎರಡು ರಾತ್ರಿ ಫ್ರಿಡ್ಜಲ್ಲಿಟ್ಟು ಪ್ರಯತ್ನ ಮಾಡ್ತಿದೀನಿ. ನಮ್ಮ ಬೇಕರಿಗಳಲ್ಲಿ ಪಿಜ್ಜಾ ಅಂತ ಮಾಡೋದು ಗೊತ್ತಲ್ಲ, ಸಿಹಿ ಬನ್ ಮೇಲೆ ಎಲೆಕೋಸು ಕ್ಯಾರೆಟ್ ದಪ್ಪಮೆಣಸಿನಕಾಯಿ, ಮೇಲೆ ಒಂಚೂರು ಸಾಸು ಚೀಸು, ಅದನ್ನ ತಿಂದು ಬೆಳೆದ ಮಕ್ಕಳು ಇವತ್ತಿಗೂ ಬಂದು ಕೇಳ್ತಾರೆ, ಅದನ್ನ ನಿಲ್ಸಲ್ಲ, ಅದು ನಮ್ಮೂರಿನ ಪಿಜ್ಜಾ. ಬೆಂಗ್ಳೂರಲ್ಲೇ ಬೆನೆಡಿಕ್ಟೈನ್ ಪಾದ್ರಿಗಳು ವಲ್ಲೊಂಬ್ರೋಸ ಅನ್ನೋ ಹೆಸರಲ್ಲಿ ಇಟಲಿ ಪದ್ಧತಿಲಿ ಮೊಜರೆಲ್ಲಾ ಮಾಡ್ತಾರೆ, ಅದನ್ನ ತರಿಸಿ ನೋಡ್ದೆ, ಬಹಳ ಚೆನ್ನಾಗಿದೆ, ಆದ್ರೆ ನೀರಿನ ಅಂಶ ಜಾಸ್ತಿ, ಸ್ಲೈಸ್ ತರದ್ದಕ್ಕೆ ಸ್ವಲ್ಪ ಹೊತ್ತು ಬಟ್ಟೇಲಿ ಸುತ್ತಿ ಇಡ್ಬೇಕು. ತಳ ಇನ್ನೂ ಸರಿಬಂದಿಲ್ಲ, ಓವನ್ 250 ದಾಟಲ್ಲ, ದಪ್ಪ ಕಡಪ ಕಲ್ಲು ಒಳಗಿಟ್ಟು ನೋಡೋಣ ಅಂತ ಹೇಳಿದೀನಿ ಮಗನಿಗೆ.

ಆ ಪುಟ ಬರೆದ ಲೇಖಕರಿಗೆ ನನ್ನ ಈ ಕಾಗದ ತಲುಪಿಸಿ, ಮುಂದಿನ ವಾರ ಜಾಗ ಇದ್ರೆ ಚೀಸು, ಕತ್ತಿ, ಕೋಷರ್ ಅಂಗಡಿ ವಿಷಯ ಆದ್ರೂ ಪ್ರಕಟಿಸಿ, ಬೇಸಿಗೆ ರಜ ಮುಗಿಯೋಷ್ಟರಲ್ಲಿ ಹೋಗೋರು ಬಹಳ ಜನ ಇರ್ತಾರೆ. ಇನ್ನೊಂದು ಮರೆತಿದ್ದೆ, ಮನೆಗೆ ತಂದ ಸ್ಲೈಸ್ ಉಳಿದ್ರೆ ಮೈಕ್ರೋವೇವ್‌ಗೆ ಹಾಕ್ಬೇಡಿ, ಚರ್ಮದ ತರ ಆಗತ್ತೆ. ದೋಸೆ ಕಾವಲಿ ಸಣ್ಣ ಉರಿಲಿಟ್ಟು, ಎಣ್ಣೆ ಹಾಕ್ದೆ ಅದರ ಮೇಲಿಡಿ, ತಳ ಗರಿ ಆದ ಮೇಲೆ ಪಕ್ಕದಲ್ಲಿ ಎರಡು ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ ಒಂದು ನಿಮಿಷ, ಚೀಸು ಕರಗತ್ತೆ.

ಇಂತಿ ನಿಮ್ಮ ಓದುಗ,
ಹಾಸನ ಕಡೆಯ ಒಬ್ಬ ಬೇಕರಿಯವ
ರಾಜಾಜಿನಗರ, ಬೆಂಗಳೂರು